ಸೆಣಬಿನ ಧೂಳು

ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುತ್ತಾರೆ.
ಹೊಗೆಯೂ ಇಲ್ಲದೆ ಕಿರುಚುವುದನ್ನು
ಹದಿನೇಳು ವರ್ಷದಿಂದ ಕೇಳುತ್ತಿದ್ದೇನೆ.
ನನ್ನ ಹೊಟ್ಟೆಪಾಡು ಅದೇ:
ಏಣಿ, ಸ್ಕ್ರೂಡ್ರೈವರು, ಡಬ್ಬಿಯಲ್ಲಿ ತುಂಬಿಟ್ಟ ಹೊಗೆ.

ಡಂಡೀ ಊರು. ಟೇ ನದಿಯ ಗಾಳಿ ಬಡಿಯುವಷ್ಟು ಹತ್ತಿರ
ಒಂದು ಕಾಲದ ಸೆಣಬಿನ ಗಿರಣಿ,
ಈಗ ಐದು ಮಹಡಿ ತುಂಬ ಆಫೀಸು:
ವಿಮೆಯವರು, ಲೆಕ್ಕಪತ್ರದವರು, ಹಲ್ಲಿನ ಡಾಕ್ಟರು,
ನಾಯಿಗಳಿಗೆ ಮಳೆಯಂಗಿ ಮಾರುವವರು.

ಕಾವಲಿನ ಡೂಗಲ್ ದಾಖಲೆ ಪುಸ್ತಕವನ್ನು
ಸತ್ತ ಮೀನಿನಂತೆ ಮೇಜಿನ ಮೇಲಿಟ್ಟ.
ವರ್ಷಕ್ಕೆ ಮೂವತ್ತೆಂಟು. ಒಂದೂ ಬೆಂಕಿಯಲ್ಲ.

ಮಾರ್ಚ್ ಮೂರು: ಟೋಸ್ಟ್.
ಮಾರ್ಚ್ ಒಂಬತ್ತು: ಟೋಸ್ಟ್, ಅದೇ ಮನುಷ್ಯ.
ಏಪ್ರಿಲ್: ಸೈಕಲ್ಲಿನವರ ಬಚ್ಚಲ ಹಬೆ.
ಮೇ: ಬಣ್ಣದವನು ಹೇಳದೆ ಕೇಳದೆ ಗೋಡೆ ಉಜ್ಜಿದ.
ಜೂನ್: ಜೇಡ. ಅಷ್ಟೇ ಬರೆದಿದೆ.
ಆಗಸ್ಟ್: ಬಾಗಿಲ ಗುಂಡಿ ಅಂದುಕೊಂಡು ಯಾರೋ ಒತ್ತಿದರು.
ಹನ್ನೊಂದು ಕಡೆ ಮಾತ್ರ, ಸೊಟ್ಟ ಅಕ್ಷರದಲ್ಲಿ,
ಕಾರಣ ಗೊತ್ತಿಲ್ಲ.

ಪ್ರತಿ ಸಲವೂ ಕೆಂಪು ಗಾಡಿ ಬಂತು.
ಬೂಟು ಏರಿಸಿ ಓಡಿ ಬಂದವರು
ಟೋಸ್ಟರು ಮೂಸಿ ಹೋದರು.
"ಕೊನೆಕೊನೆಗೆ ಬೈಯುವುದನ್ನೂ ಬಿಟ್ಟರು.
ನನಗೆ ಹೆದರಿಕೆ ಹುಟ್ಟಿದ್ದು ಆಗ," ಅಂದ ಡೂಗಲ್.

ನಾನಿದ್ದಾಗಲೇ ಮೂವತ್ತೊಂಬತ್ತನೆಯದು ಕೂಗಿತು.
ಮೂರನೆಯ ಮಹಡಿಯಲ್ಲಿ ಯಾರೂ ಏಳಲಿಲ್ಲ.
ಫರ್ಗಸ್ ಲಾಮಂಟ್ ಕಿವಿಗೆ ಹೆಡ್‌ಫೋನು ಸಿಕ್ಕಿಸಿ
ತೆರಿಗೆ ಕೂಡಿಸುತ್ತಲೇ ಇದ್ದ,
ಒಂದು ಕೈ ಬೀಸಿ, ನೊಣ ಓಡಿಸಿದ ಹಾಗೆ,
ಅಲಾರಂ ಓಡಿಸಿದ.

ಇಳಿದವಳು ಒಬ್ಬಳೇ. ನೆಲ ಒರೆಸುವ ನೆಟ್ಟಾ ಕಿಡ್,
ಬಕೆಟ್ಟು ಸಮೇತ.
"ಪ್ರತಿ ಸಲವೂ ಇಳೀತೀಯಾ?"
"ಇಳೀಲಿ ಅಂತ ತಾನೇ ಅದು ಕೂಗೋದು?"

ಅವಳಜ್ಜಿ ಇದೇ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು.
ಸದ್ದಿಗೆ ಎಲ್ಲರ ಕಿವಿಯೂ ಹೋಗಿ
ಗಂಟೆ ಬಾರಿಸಿ ಫಲವಿರಲಿಲ್ಲ.
ಬೆಂಕಿಗೆ ಒಂದು ಕೈಸನ್ನೆ:
ಐದೂ ಬೆರಳು ಅಲುಗಿಸುತ್ತ
ಗಲ್ಲದಿಂದ ಹಣೆಯವರೆಗೆ.
ಸಾಲಿನಿಂದ ಸಾಲಿಗೆ, ಕಣ್ಣಿಂದ ಕಣ್ಣಿಗೆ ದಾಟುತ್ತಿತ್ತಂತೆ.
"ಸುಳ್ಳಿಗೆ ಯಾರೂ ಮಾಡ್ತಿರಲಿಲ್ಲ," ಅಂದಳು ನೆಟ್ಟಾ,
"ಮಾಡಿದವಳ ಮುಖ ಕಾಣ್ತಿತ್ತಲ್ಲ."

ಅಡುಗೆಮೂಲೆಯಲ್ಲಿ ಹೊಗೆ ಮೂಸುವುದನ್ನು ಬಿಚ್ಚಿ
ಬಿಸಿ ಅಳೆಯುವುದನ್ನು ಕೂರಿಸಿದೆ.
ಬಚ್ಚಲಿಗೆ ಫ್ಯಾನು, ಗುಂಡಿಗೆ ಮುಚ್ಚಳ.
ಸುತ್ತಿಗೆ ಹಿಡಿದು ಬರುವವರೆಲ್ಲ
ಮೊದಲು ಡೂಗಲ್‌ಗೆ ಮುಖ ತೋರಿಸಬೇಕು.
ಜೇಡನಿಗೆ ಬಲೆಯಷ್ಟೇ ಸಣ್ಣ ಜಾಲರಿ.

ಉಳಿದದ್ದು ಆ ಹನ್ನೊಂದು.
ಮೂರು ರಾತ್ರಿ ಏಣಿಯ ತುದಿಯಲ್ಲಿ ಕೂತೆ.
ಬೆಳಗಿನ ಐದೂಕಾಲಿಗೆ ಹೀಟರು ಎದ್ದು
ಕೊಳವೆ ನಡುಗಿ
ತೊಲೆಯ ಸಂದಿನಿಂದ ಇಳಿದು ಬಂತು
ಹುಬ್ಬಿನ ಕೂದಲಿಗಿಂತ ತೆಳ್ಳಗೆ, ಹೊಂಬಣ್ಣಕ್ಕೆ,
ಟಾರ್ಚಿನ ಬೆಳಕಲ್ಲಿ ಅವಸರವೇ ಇಲ್ಲದೆ,
ಸೆಣಬು.

ಗಂಗೆ ಕಡಲು ಸೇರುವ ಕಡೆಯ ನೀರುಗದ್ದೆಯಿಂದ
ಹಡಗೇರಿ ಬಂದದ್ದು.
ಗಿರಣಿ ಮುಚ್ಚಿ ಅರ್ಧ ಶತಮಾನವಾದರೂ
ಪಾಳಿ ಮುಗಿಸದೆ ಉದುರುತ್ತಿರುವುದು.
ಬೈಯಲು ಬಾಯಿ ಬರಲಿಲ್ಲ.
ಸಂದು ಮುಚ್ಚಿದೆ. ಡಿಟೆಕ್ಟರನ್ನು
ಎರಡು ಮಾರು ಆಚೆ ಸರಿಸಿದೆ.
ಒಂದು ಎಳೆ ಜೇಬಿನಲ್ಲಿ ಮನೆಗೆ ಬಂತು,
ಬಟ್ಟೆ ಒಗೆಯುವಾಗ ಹೋಯಿತು.

ಮರುವರ್ಷ ನಾಲ್ಕೇ.
ಅದರಲ್ಲಿ ಎರಡು ಟೋಸ್ಟಿನವನು,
ಬೇರೆ ಮಹಡಿಗೆ ಹೋಗಿ.

ಅಕ್ಟೋಬರಿನ ಒಂದು ಗುರುವಾರ, ಡೂಗಲ್‌ಗೆ ಮಾತ್ರ ಹೇಳಿ,
ಗಂಟೆ ಹೊಡೆಸಿದೆ.
ಕುರ್ಚಿ ಸರಿದವು. ನಾಯಿಯಂಗಿಯವರು
ಅಂಗಿ ಹಾಕಿದ ನಾಯಿಯನ್ನೇ ಎತ್ತಿಕೊಂಡು ಇಳಿದರು.
ಫರ್ಗಸ್ ಮಾತ್ರ ಪರದೆಯೊಳಗಿದ್ದ.
ನೆಟ್ಟಾ ಬಕೆಟ್ಟು ಕೆಳಗಿಟ್ಟು
ಅವನೆದುರು ಹೋಗಿ ನಿಂತಳು:
ಐದೂ ಬೆರಳು, ಗಲ್ಲದಿಂದ ಹಣೆಗೆ.

ಅದರ ಅರ್ಥ ಅವನಿಗೆ ಯಾರೂ ಹೇಳಿರಲಿಲ್ಲ.
ಅವಳ ಮುಖ ನೋಡಿದ.
ಎದ್ದ.

ಪುಸ್ತಕದಲ್ಲಿ ಬರೆದೆ:
ಪರೀಕ್ಷೆ. ಮೂರು ನಿಮಿಷ ಹತ್ತು ಸೆಕೆಂಡು.
ಎಲ್ಲರೂ ಹೊರಗೆ. ಒಬ್ಬನಿಗೆ ಕೋಟಿಲ್ಲ.